ಆಲಪ್ಪುಳದಲ್ಲಿ ಹೌಸ್‌ಬೋಟ್ ಬಿಟ್ಟು ಏನಿದೆ?

ದಾವಣಗೆರೆಯಿಂದ ಅಪ್ಪ-ಅಮ್ಮನ ಜೊತೆ ಕೇರಳದ ಆಲಪ್ಪುಳಕ್ಕೆ ಹೊರಟಿದ್ದೀರಿ, ಹೌಸ್‌ಬೋಟ್ ಬಿಟ್ಟು ಏನು ನೋಡಬೇಕು ಅಂತ ಕೇಳಿದ್ದೀರಿ. ಮೊದಲು ಊರೊಳಗಿನ ಕಾಲುವೆ ನೋಡಿ ಸರ್. 18ನೇ ಶತಮಾನದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ ಬಂದರು ಬೆಳೆಸಿದಾಗ, ಸರಕು ದೋಣಿಯಲ್ಲೇ ಕಡಲಿಗೆ ಹೋಗಲಿ ಅಂತ ತೋಡಿಸಿದವು. ಬೀಚಿನ ಹತ್ತಿರ 1862ರ ಲೈಟ್‌ಹೌಸ್ ಇದೆ. ಮೆಟ್ಟಿಲು ಜಾಸ್ತಿ, ಹಿರಿಯರಿಗೆ ಕಷ್ಟ.

ಊರ ಪಕ್ಕದ ಹಿನ್ನೀರಿನ ಭತ್ತದ ಸೀಮೆ ಕುಟ್ಟನಾಡು ಮಾತ್ರ ಬಿಡಲೇಬೇಡಿ. ಜೆಟ್ಟಿಯಿಂದ ಸರ್ಕಾರಿ ಬೋಟ್ ಹತ್ತಿ, ಟಿಕೆಟ್ ತುಂಬಾ ಕಡಿಮೆ. ಊರಿನ ಜನ ಚೀಲ ಹಿಡಿದು ಮನೆ ಮುಂದೆಯೇ ಇಳಿದು ಹೋಗುತ್ತಾರೆ. ನಾವು ಭದ್ರಾ ನಾಲೆಯ ನೀರು ಗದ್ದೆಗೆ ಯಾವಾಗ ಬರುತ್ತೋ ಅಂತ ಕಾಯ್ತೀವಿ ಅಲ್ವಾ? ಅಲ್ಲಿ ಗದ್ದೆಯೇ ಕಡಲ ಮಟ್ಟಕ್ಕಿಂತ ಕೆಳಗಿದೆ. ಸುತ್ತ ಒಡ್ಡು ಕಟ್ಟಿ, ಪಂಪ್ ಹಾಕಿ ನೀರು ಹೊರಗೆ ಎತ್ತಿ, ಆಮೇಲೆ ಭತ್ತ ಬಿತ್ತುತ್ತಾರೆ. ನಿಮ್ಮ ತಂದೆ ಭತ್ತ ಬೆಳೆಯೋರು ಅಂದಿರಲ್ಲ, ಅವರಿಗೆ ಇದನ್ನೇ ತೋರಿಸಿ.