ಪ್ಯಾಕೆಟ್ ಚಿಕನ್‌ನ ಪ್ರೋಟೀನ್ ಲೆಕ್ಕ

ಬ್ರೆಡ್ ಪುಡಿ ಹಚ್ಚಿದ ಪ್ಯಾಕೆಟ್ ಚಿಕನ್‌ನಲ್ಲಿ 100 ಗ್ರಾಂಗೆ 14 ಗ್ರಾಂ ಪ್ರೋಟೀನ್, 16 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್), 15 ಗ್ರಾಂ ಕೊಬ್ಬು ಅಂತ ಬರೆದಿದೆ, ವ್ಯಾಯಾಮದ ನಂತರ ದಿನಾ ತಿನ್ನಬಹುದಾ ಅಂತ ಕೇಳಿದ್ದೀರಿ. ಆಗೊಮ್ಮೆ ಈಗೊಮ್ಮೆ ತಿನ್ನಿ, ದಿನಾ ಬೇಡ.

ಮೊದಲು ಆ ಕಾರ್ಬ್ ಅಂಕಿ ನೋಡಿ. ಕೋಳಿ ಮಾಂಸದಲ್ಲಿ ಕಾರ್ಬ್ ಇಲ್ಲವೆಂದೇ ಹೇಳಬಹುದು. ಅಂದರೆ ಆ 16 ಗ್ರಾಂ ಹೆಚ್ಚುಕಡಿಮೆ ಪೂರ್ತಿ ಮೈದಾ, ಪಿಷ್ಟ, ಬ್ರೆಡ್ ಪುಡಿಯಿಂದ ಬಂದದ್ದು. ಚರ್ಮ ತೆಗೆದ ಹಸಿ ಎದೆಮಾಂಸದಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತೆ. ಹೊದಿಕೆ, ಎಣ್ಣೆ, ಸೇರಿಸಿದ ನೀರು ತೂಕದಲ್ಲಿ ಪಾಲು ಪಡೆದಷ್ಟೂ ಅದು ಇಳಿಯುತ್ತೆ.

ಕ್ಯಾಲೊರಿ ಲೆಕ್ಕ ಇನ್ನೂ ಸ್ಪಷ್ಟ. 14 ಗ್ರಾಂ ಪ್ರೋಟೀನ್‌ಗೆ 56 ಕ್ಯಾಲೊರಿ, 15 ಗ್ರಾಂ ಕೊಬ್ಬಿಗೆ 135. ನೀವು ಪ್ರೋಟೀನ್‌ಗಾಗಿ ತಿಂತಿದ್ದೀರಿ, ಆದರೆ ಹೆಚ್ಚು ಶಕ್ತಿ ಬರ್ತಿರೋದು ಕೊಬ್ಬಿನಿಂದ! ಇಂಥ ಬಹಳಷ್ಟು ತುಂಡುಗಳನ್ನು ಕಾರ್ಖಾನೆಯಲ್ಲೇ ಒಮ್ಮೆ ಎಣ್ಣೆಯಲ್ಲಿ ಕರಿದಿರುತ್ತಾರೆ. ಏರ್ ಫ್ರೈಯರ್ ಬಳಸಿದರೆ ಹೊಸದಾಗಿ ಎಣ್ಣೆ ಸೇರೋದು ತಪ್ಪುತ್ತೆ ನಿಜ, ಹಳೆಯದು ಬಹುಪಾಲು ಒಳಗೇ ಇರುತ್ತೆ.

ಉಪ್ಪನ್ನು ಮಾತ್ರ ದಯವಿಟ್ಟು ಕಡೆಗಣಿಸಬೇಡಿ. 100 ಗ್ರಾಂಗೆ 500 ಮಿಲಿಗ್ರಾಂ ಸೋಡಿಯಂ ಇದ್ದರೆ, 200 ಗ್ರಾಂ ತಿಂದಾಗ 1000 ಆಯ್ತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ದಿನದ ಮಿತಿ 2000ಕ್ಕಿಂತ ಕಡಿಮೆ. ಅಂಕಿಗಳು 100 ಗ್ರಾಂಗೋ, ಒಂದು ಸರ್ವಿಂಗ್‌ಗೋ ಅಂತಲೂ ನೋಡ್ಕೊಳ್ಳಿ.

ತಗೊಳ್ಳಲೇಬೇಕಾದರೆ, ಚಿಕನ್ ಶೇಕಡಾವಾರು ಹೆಚ್ಚಿರೋದನ್ನ, ಕಾರ್ಬ್ 10 ಗ್ರಾಂ ಆಸುಪಾಸು ಇರೋದನ್ನ ಆರಿಸಿ.