ನಾಲ್ಕು ಜನರ ಚೀಟಿ, ಒಬ್ಬರ ಊಟ

ಇವರನ್ನು ಪ್ರೆಸ್ಸಣ್ಣ ಅನ್ನೋಣ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 63, ಊರು ಮೈಸೂರು. ಒಂದೊಂದೇ ಅಕ್ಷರದ ಅಚ್ಚುಮೊಳೆ ಕೈಯಿಂದ ಜೋಡಿಸುವ ಕಾಲದಿಂದಲೂ ಮುದ್ರಣದಲ್ಲೇ ದುಡಿದವರು. ಹೆಂಡತಿ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಮಗಳು ಮದುವೆಯಾಗಿ ಹಾಸನದಲ್ಲಿದ್ದಾಳೆ. ಇವರು ಹಳೇ ವಠಾರದ ಒಂದು ಪೋರ್ಷನ್ನಿನಲ್ಲಿ ಒಬ್ಬರೇ.

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದ್ದು ಬಡಾವಣೆಯ ಡಾಕ್ಟರು. ತೂಕ ಇಳಿದಿದೆ, ರಕ್ತ ಕಡಿಮೆಯಿದೆ, ನಿದ್ದೆ ಇಲ್ಲ. "ಊಟ ಸರಿಯಾಗಿ ಮಾಡ್ತೀರಾ?" ಅಂತ ಕೇಳಿದ್ದಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡರಂತೆ.

ಮೊದಲ ದಿನ ಅವರು ದುಡ್ಡಿನ ಬಗ್ಗೆ ಮಾತ್ರ ಮಾತಾಡಿದರು. ಪಿಎಫ್ ಪಿಂಚಣಿ 1,900 ರೂಪಾಯಿ. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಲೆಕ್ಕ ಬರೆದರೆ 6,500. ಬಾಡಿಗೆ, ಬಿಪಿ ಮಾತ್ರೆ, ಗ್ಯಾಸು, ಫೋನು ಎಲ್ಲ ಕಳೆದರೆ ಊಟಕ್ಕೆ ಉಳಿಯುವುದು ಸುಮಾರು 3,000. "ಈ ದುಡ್ಡಲ್ಲಿ ಹನ್ನೆರಡನೇ ತಾರೀಕಿನ ಮೇಲೆ ಏನೂ ಆಗಲ್ಲ ಮೇಡಂ. ಟೀ, ಬನ್ನು, ಅಷ್ಟೇ."

ಕಡಿಮೆ ದುಡ್ಡೇ, ಸುಳ್ಳಲ್ಲ. ಆದರೆ ಒಬ್ಬರಿಗೆ ಹನ್ನೆರಡೇ ದಿನಕ್ಕೆ ಮುಗಿಯುವಷ್ಟು ಕಡಿಮೆಯೂ ಅಲ್ಲ. ಮುಂದಿನ ಸಲ ಬರುವಾಗ ಲೆಕ್ಕದ ಪುಸ್ತಕ ತನ್ನಿ ಅಂದೆ. ಅವರು ಲೆಕ್ಕ ಬರೆಯದೆ ಇರುವ ಮನುಷ್ಯ ಅಲ್ಲ ಅನ್ನಿಸಿತ್ತು.

ತಂದರು. ಅಂಗೈ ಅಗಲದ ಪುಸ್ತಕ, ಮುತ್ತಿನಂಥ ಅಕ್ಷರ. ಮೊದಲ ತಾರೀಕು: ತೊಗರಿಬೇಳೆ 2 ಕೆಜಿ, ಉದ್ದಿನಬೇಳೆ 1 ಕೆಜಿ, ಎಣ್ಣೆ 2 ಲೀಟರ್, ಸಕ್ಕರೆ 2 ಕೆಜಿ, ಧನಿಯ ಅರ್ಧ ಕೆಜಿ, ಹೀಗೆ ಸಾಗುತ್ತದೆ ಪಟ್ಟಿ. ಒಟ್ಟು 1,750. ಹೋದ ತಿಂಗಳೂ ಅದೇ. ಅದರ ಹಿಂದಿನ ತಿಂಗಳೂ ಅದೇ. ಅಲ್ಲಲ್ಲಿ ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದರು: "ಬೇಳೆ ಹುಳು. ಚೆಲ್ಲಿದೆ."

"ಒಬ್ಬರಿಗೆ ಎರಡು ಕೆಜಿ ಬೇಳೆ ಯಾಕೆ ಸರ್?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪುಸ್ತಕದ ರಟ್ಟಿನ ಒಳಗಿನಿಂದ ಒಂದು ಚೀಟಿ ತೆಗೆದರು. ಮಡಿಕೆಯ ಜಾಗದಲ್ಲಿ ಹರಿದು, ಟೇಪು ಹಚ್ಚಿದ ಚೀಟಿ. ಹೆಂಡತಿಯ ಕೈಬರಹ. ಮಗಳು ಮನೆಯಲ್ಲಿದ್ದಾಗ, ಅತ್ತೆ ಬದುಕಿದ್ದಾಗ ಬರೆದ ನಾಲ್ಕು ಜನರ ಸಾಮಾನಿನ ಪಟ್ಟಿ. ಪ್ರತಿ ತಿಂಗಳು ಅದನ್ನೇ ಅಂಗಡಿಯವರ ಕೈಗೆ ಕೊಡುತ್ತಿದ್ದರು. ಅವರು ಕಟ್ಟಿಕೊಡುತ್ತಿದ್ದರು, ಇವರು ಡಬ್ಬಿಗೆ ತುಂಬುತ್ತಿದ್ದರು. ಅಡುಗೆ ಮಾಡುತ್ತಿದ್ದುದು ವಾರಕ್ಕೆ ಮೂರು ಸಲವೋ ಏನೋ. ಡಬ್ಬಿ ತುಂಬಿದೆ, ಹೊಟ್ಟೆ ಖಾಲಿ.

ಕೈಗೆ ಉಳಿಯುತ್ತಿದ್ದ ಚಿಲ್ಲರೆ ತಿಂಗಳ ಮೊದಲ ವಾರಗಳಲ್ಲಿ ಹಾಗೂ ಹೀಗೂ ಸಾಗುತ್ತಿತ್ತು. ಆಮೇಲೆ ಟೀ–ಬನ್ನು. ಟೀ 12, ಬನ್ನು 10, ದಿನಕ್ಕೆ ಮೂರು ಸಲ. 66 ರೂಪಾಯಿ. ಹದಿನೆಂಟು ದಿನಕ್ಕೆ 1,188. ಈ ಲೆಕ್ಕ ಮಾಡಿದ್ದು ನಾನಲ್ಲ, ಅವರೇ. ಪೆನ್ನು ಕೆಳಗಿಟ್ಟು, "ಅಲ್ಲ, ಇದು ಅಗ್ಗ ಅಂದುಕೊಂಡಿದ್ದೆನಲ್ಲ" ಅಂದರು.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಸಮಸ್ಯೆ ಸಿಕ್ಕಿತು ಅಂತ ಹುಮ್ಮಸ್ಸಿನಲ್ಲಿ ಒಂದು ವಾರದ ಊಟದ ಚಾರ್ಟು ಬರೆದುಕೊಟ್ಟೆ. ಏಳು ದಿನ, ಏಳು ತರಕಾರಿ. ಹದಿನೈದು ದಿನ ಬಿಟ್ಟು ಬಂದಾಗ ಅದು ಮಡಿಸಿದ ಹಾಗೇ ಇತ್ತು. "ಏಳು ತರಕಾರೀನೂ ನೂರು ನೂರು ಗ್ರಾಂ ಯಾರು ಕೊಡ್ತಾರೆ ಮೇಡಂ? ಕೇಳೋಕೆ ನಾಚಿಕೆ ಆಗಲ್ವಾ?"

ಆಗ ಗೊತ್ತಾಯಿತು, ಗಂಟು ಇರುವುದು ಈ ಕೇಳುವುದರಲ್ಲಿ. ಕಾಲು ಕೆಜಿ ಬೇಳೆ ಕೇಳಿದರೆ ಅಂಗಡಿಯವರು ತಲೆ ಎತ್ತಿ, "ಯಾಕೆ ಸ್ವಾಮಿ, ಒಬ್ಬರೇನಾ?" ಅಂತಾರೆ. ಆ ಒಂದು ಪ್ರಶ್ನೆ ತಪ್ಪಿಸಿಕೊಳ್ಳಲು ಇವರು ತಿಂಗಳಿಗೆ ಸಾವಿರ ರೂಪಾಯಿ ತೆರುತ್ತಿದ್ದರು. ಚೀಟಿ ಕೊಟ್ಟರೆ ಬಾಯಿ ಬಿಡಬೇಕಾಗಿಲ್ಲ. ಅಂಗಡಿಯವರ ಲೆಕ್ಕದಲ್ಲಿ ಆ ಮನೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು.

ಆ ಚೀಟಿ ಬಿಸಾಡಿ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ. ಅದು ಮನೆಯಲ್ಲಿರಲಿ, ಅಂಗಡಿಗೆ ಬೇರೆ ಚೀಟಿ ಬರೆಯೋಣ ಅಂದೆ. ನನ್ನ ಮೇಜಿನ ಮೇಲೇ ಬರೆದರು. ಆಮೇಲೆ ಒಂದು ಆಟದ ಥರ, ನಾನು ಅಂಗಡಿಯವಳಾದೆ. "ಕಾಲು ಕೆಜಿ ಹುರುಳಿಕಾಳು" ಅಂದರು, ನೆಲ ನೋಡುತ್ತಾ. "ಒಬ್ಬರೇನಾ ಸ್ವಾಮಿ?" ಅಂದೆ. ಮೊದಲ ಸಲ ಗಂಟಲು ಕಟ್ಟಿತು. ನಾಲ್ಕನೇ ಸಲ ಹೇಳಿದರು: "ಹೌದು, ಈಗ ನಾನೊಬ್ಬನೇ. ಹುಳು ಬೀಳ್ತದೆ, ವಾರಕ್ಕೊಮ್ಮೆ ಬರ್ತೀನಿ." ಇದಿಷ್ಟಕ್ಕೆ ಎರಡು ಭೇಟಿ ಹಿಡಿಯಿತು. ಎಷ್ಟೇ ಅಗ್ಗದ ಅಡುಗೆ ಹೇಳಿಕೊಟ್ಟರೂ ಈ ವಾಕ್ಯ ಬಾರದೆ ಇದ್ದರೆ ಪ್ರಯೋಜನ ಇರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮಿಕ್ಕ ಸಲಹೆ ಸುಲಭದ್ದು. ಕೆಡದ ಸಾಮಾನು ಜಾಸ್ತಿ ತರುವುದು: ಉಪ್ಪು, ಹುಣಸೆಹಣ್ಣು, ಒಣಮೆಣಸಿನಕಾಯಿ, ಒಂದು ಲೀಟರ್ ಎಣ್ಣೆ. ಹುಳು ಬೀಳುವ ಬೇಳೆಕಾಳು ಕಾಲು ಕಾಲು ಕೆಜಿ, ಬಿಡಿಯಾಗಿ. ಹತ್ತು ರೂಪಾಯಿಯ ಮಸಾಲೆ ಪಾಕೆಟ್ ಬೇಡ, ಗ್ರಾಂ ಲೆಕ್ಕದಲ್ಲಿ ಅದೇ ದುಬಾರಿ. ರಾಗಿಯನ್ನು ಕಾಳಾಗಿ ಒಣಗಿದ ಜಾಗದಲ್ಲಿ ಇಟ್ಟರೆ ಬಹಳ ಕಾಲ ಕೆಡುವುದಿಲ್ಲ, ಮಿಲ್ಲಿನಲ್ಲಿ ಬೇಕಾದಷ್ಟೇ ಬೀಸಿಸಿದರಾಯಿತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಈ ವಯಸ್ಸಿಗೆ ಬೇಕಾದದ್ದೇ. ತರಕಾರಿಗೆ ದೇವರಾಜ ಮಾರುಕಟ್ಟೆಯ ಕಡೆ ಕತ್ತಲಾಗುವ ಹೊತ್ತಿಗೆ ಹೋಗುವುದು. ಉಳಿದದ್ದನ್ನು ಗುಡ್ಡೆ ಹಾಕಿ ಕೊಡುವವರು ಸಿಗುತ್ತಾರೆ, ಅಲ್ಲಿ ತೂಕದ ಮಾತೇ ಇಲ್ಲ, ನಾಚಿಕೆಯೂ ಇಲ್ಲ.

ಅಡುಗೆಗೆ ಬಸ್ಸಾರು ಹಿಡಿದೆವು. ದಂಟಿನ ಸೊಪ್ಪು, ಒಂದು ಹಿಡಿ ಬೇಳೆ ಒಟ್ಟಿಗೆ ಬೇಯಿಸಿ ಕಟ್ಟು ಬಸಿದುಕೊಂಡರೆ, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು, ಮಿಕ್ಕಿದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಒಂದು ಪಾತ್ರೆ, ಎರಡು ಪದಾರ್ಥ. ಮಾರನೇ ದಿನ ಕುದಿಸಿದರೆ ರುಚಿ ಇನ್ನೂ ಜಾಸ್ತಿ. ಇದು ಅವರಿಗೆ ಗೊತ್ತಿತ್ತು, ತಿಂದು ಗೊತ್ತಿತ್ತು. ಹುರುಳಿಕಾಳು ರಾತ್ರಿ ನೆನೆಹಾಕಿದರೆ ಗ್ಯಾಸೂ ಉಳಿಯುತ್ತದೆ. ವಾರಕ್ಕೆ ಮೂರು ಮೊಟ್ಟೆ, ಒಂದೊಂದರಲ್ಲೂ ಸುಮಾರು ಆರು ಗ್ರಾಂ ಪ್ರೋಟೀನು. ಸಂಜೆ ಹಸಿವಿಗೆ ಬನ್ನಿನ ಬದಲು ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ರಕ್ತ ಕಡಿಮೆ ಇರುವುದಕ್ಕೆ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸುವಂತಿಲ್ಲ ಅಂತ ಒತ್ತಿ ಹೇಳಿದೆ. ಸೊಪ್ಪು ತಿಂದೆ, ಮಾತ್ರೆ ಬಿಟ್ಟೆ ಅನ್ನುವವರು ನಮ್ಮಲ್ಲಿ ಬಹಳ.

ಹೀಗೆ ಬರೆದ ಚೀಟಿ, ಹಾಲು ತರಕಾರಿ ಎಲ್ಲ ಸೇರಿ, ತಿಂಗಳಿಗೆ 2,300ರ ಆಸುಪಾಸಿಗೆ ಬಂತು. ಸಂಜೆಯ ಒಂದು ಟೀಗೆ 360 ಬೇರೆ ತೆಗೆದಿಟ್ಟೆವು. ಅದನ್ನೂ ಕತ್ತರಿಸಿ ಅಂತ ಯಾರಾದರೂ ಹೇಳಬಹುದು. ನಾನು ಹೇಳಲಿಲ್ಲ. ಇಡೀ ದಿನದಲ್ಲಿ ಅವರು ನಾಲ್ಕು ಜನರ ಜೊತೆ ಮಾತಾಡುವುದು ಆ ಟೀ ಅಂಗಡಿಯಲ್ಲೇ.

ಇಂದಿರಾ ಕ್ಯಾಂಟೀನಿನ ವಿಷಯಕ್ಕೆ ಮಾತ್ರ ಜಗಳವೇ ಆಯಿತು. ಹತ್ತು ರೂಪಾಯಿಗೆ ಮಧ್ಯಾಹ್ನದ ಊಟ, ವಾರಕ್ಕೆ ಎರಡು ದಿನ ಹೋಗಿ ಅಂದೆ. "ಗುರುತಿನವರು ನೋಡಿದರೆ?" "ನೋಡಿದವರೂ ತಟ್ಟೆ ಹಿಡಿದೇ ನಿಂತಿರ್ತಾರಲ್ವಾ ಸರ್?" ನಗು ಬಂತು, ಒಪ್ಪಿಗೆ ಬರಲಿಲ್ಲ. ಆಮೇಲೆ ಒಂದು ಶನಿವಾರ ತಾವಾಗಿಯೇ ಹೋಗಿ ಬಂದರು.

ರೇಷನ್ ಕಾರ್ಡಿನದು ಇನ್ನೊಂದು ಕಥೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಹೆಂಡತಿ ಹೋದ ಮೇಲೆ ಕಾರ್ಡೂ ಹೋಯಿತು ಅಂತ ಇವರು ತಿಳಿದುಕೊಂಡಿದ್ದರು. ನ್ಯಾಯಬೆಲೆ ಅಂಗಡಿ ಕಡೆ ತಲೆ ಹಾಕಿರಲಿಲ್ಲ. ಮನೆಯಲ್ಲಿ ಹೆಂಗಸರಿಲ್ಲದಿದ್ದರೆ ಹಿರಿಯ ಗಂಡಸೇ ಯಜಮಾನ ಆಗಬಹುದು. ಮರಣ ಪ್ರಮಾಣಪತ್ರ, ಆಧಾರ್ ತೆಗೆದುಕೊಂಡು ಹೋಗಿ ಹೆಸರು ತಿದ್ದಿಸಿ, ಬೆರಳಚ್ಚು ಕೊಡಿ ಅಂದೆ. ಆದ್ಯತಾ (ಬಿಪಿಎಲ್) ಕಾರ್ಡಿನಲ್ಲಿ ಕಾಯ್ದೆ ಪ್ರಕಾರವೇ ಒಬ್ಬರಿಗೆ ತಿಂಗಳಿಗೆ ಐದು ಕೆಜಿ ಧಾನ್ಯ ಬರಬೇಕು, ಮೈಸೂರು ಕಡೆ ರಾಗಿ ಕೊಟ್ಟದ್ದೂ ಉಂಟು. ಇವರು ಮುಂದೂಡಿದ್ದು ಕೆಲಸದ ಗಲಾಟೆಗಲ್ಲ. ಹೆಂಡತಿಯ ಹೆಸರನ್ನು ತೆಗೆಸಿ ಅಂತ ತಮ್ಮ ಬಾಯಿಂದಲೇ ಹೇಳಬೇಕಲ್ಲ, ಅದಕ್ಕೆ. ಕೊನೆಗೆ ಹೋದ ದಿನ ಮಗಳು ಹಾಸನದಿಂದ ಬಂದು ಜೊತೆಗೆ ಹೋದಳು. ಫೋನಿನಲ್ಲಿ "ಊಟ ಆಯ್ತಮ್ಮ" ಅಂತ ಸುಳ್ಳು ಹೇಳುವುದನ್ನು ನಿಲ್ಲಿಸಿ ಅಂತ ನಾನು ಹೇಳಿದ್ದರ ಫಲ ಅದು. ನಾನು ಇದನ್ನು ಬರೆಯುವಾಗ ಅರ್ಜಿ ಇನ್ನೂ ನಡೆಯುತ್ತಿದೆ.

ಹೋದ ವಾರ ಬಂದಿದ್ದರು. ತೂಕ ಎರಡು ಕೆಜಿ ಏರಿದೆ. ನಿದ್ದೆ ಇನ್ನೂ ಸರಿಯಾಗಿಲ್ಲ, ಅದಕ್ಕೆ ಭೇಟಿ ಮುಂದುವರಿಸಿದ್ದೇವೆ. ಕೂತವರೇ ದೂರು ಶುರು ಮಾಡಿದರು: "ಅವರೆಕಾಯಿ ಬಂದಿದೆ ಮೇಡಂ. ಕಾಲು ಕೆಜಿ ತಂದರೆ ಸುಲಿದ ಮೇಲೆ ಒಂದು ಹಿಡೀನೂ ಬರಲ್ಲ. ಇದಕ್ಕೇನು ಮಾಡಲಿ?"

ನನಗೂ ಉತ್ತರ ಹೊಳೆಯಲಿಲ್ಲ. ಅವರೇ ಹೇಳಿದರು. ಪಕ್ಕದ ಪೋರ್ಷನ್ನಿನ ಅಕ್ಕ ಎರಡು ಕೆಜಿ ತರುತ್ತಾರೆ, ಇವರು ಜಗಲಿ ಮೇಲೆ ಕೂತು ಸುಲಿದು, ನೆನೆಸಿ, ಹಿತುಕಿ ಕೊಡುತ್ತಾರೆ. ಅಚ್ಚುಮೊಳೆ ಜೋಡಿಸಿದ ಬೆರಳು, ಬೇಗ ಬೇಗ ಆಗುತ್ತದಂತೆ. ಕೂಲಿ ಒಂದು ಬಟ್ಟಲು ಹಿತುಕಿದ ಬೇಳೆ ಸಾರು.

"ಖಾರ ಸ್ವಲ್ಪ ಜಾಸ್ತಿ ಹಾಕ್ತಾರೆ" ಅಂದರು.