ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮ ಪುಸ್ತಕ ಸ್ಕ್ಯಾನ್ ಮಾಡಿ ಗೆಳೆಯರಿಗೆ ಕಳಿಸಬಹುದಾ?

ದಾಳ ಉರುಳಿಸಿ, ಕಥೆಯ ಪಾತ್ರಗಳಾಗಿ ಆಡುವ ಈ ಆಟದ ಇಡೀ ಪುಸ್ತಕ ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವಂತಿಲ್ಲ. ಆದರೆ ನಿಯಮ ಬೇರೆ, ಅದನ್ನು ಬರೆದ ಮಾತು ಬೇರೆ. ಅಮೆರಿಕದ ಕಾಪಿರೈಟ್ ಕಾನೂನು ಆಟ ಆಡುವ ವಿಧಾನವನ್ನು ಕಾಯುವುದಿಲ್ಲ. ಬರಹ, ಚಿತ್ರ, ಕಥೆಯನ್ನು ಕಾಯುತ್ತದೆ. ‘ಇಪ್ಪತ್ತು ಮುಖದ ದಾಳ ಉರುಳಿಸಿ, ಬೋನಸ್ ಕೂಡಿಸಿ, ಎದುರಾಳಿಯ ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕಿ) ಮುಟ್ಟಿದರೆ ಏಟು ಬಿತ್ತು’ ಅಂತ ನಿಮ್ಮದೇ ಮಾತಲ್ಲಿ ಬರೆದು ಹಂಚಿ.

ಇನ್ನೂ ಸುಲಭದ ದಾರಿಯಿದೆ. 2023ರ ಜನವರಿಯಲ್ಲಿ ಈ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಎಸ್‌ಆರ್‌ಡಿ 5.1 ಎಂಬ ಮೂಲ ನಿಯಮಗಳ ಪಿಡಿಎಫ್ ಅನ್ನು ಕ್ರಿಯೇಟಿವ್ ಕಾಮನ್ಸ್ ಎಂಬ, ಮುಕ್ತವಾಗಿ ಹಂಚಲು ಬಿಡುವ ಪರವಾನಗಿಯಲ್ಲಿ ಬಿಟ್ಟಿತು (ಸುಮ್ನೆ ಅಲ್ಲ, ಆಟಗಾರರು ಗಲಾಟೆ ಮಾಡಿದ ಮೇಲೆ). ಅದನ್ನು ಯಾರಿಗೆ ಬೇಕಾದರೂ ಕಳಿಸಿ. ಅದರಲ್ಲೇ ಕೊಟ್ಟಿರುವ ಕೃಪೆಯ ಸಾಲು (ಮೂಲ ಯಾರದೆಂದು ಹೇಳುವ ಸಾಲು) ಇರಲಿ. ಆದರೆ ಅದರಲ್ಲಿ ಎಲ್ಲವೂ ಇಲ್ಲ. ಉದಾಹರಣೆಗೆ, ಫೈಟರ್ ಎಂಬ ಯೋಧ ಪಾತ್ರಕ್ಕೆ ಚಾಂಪಿಯನ್ ಒಂದೇ ಸಬ್‌ಕ್ಲಾಸ್ (ಉಪವರ್ಗ). ಉಳಿದದ್ದಕ್ಕೆ ಕೊಂಡ ಪುಸ್ತಕವನ್ನೇ ಮೇಜಿನ ಸುತ್ತ ದಾಟಿಸಿ.